ಮುಖ್ಯ ಅತಿಥಿಗಳು ಬರುವವರೆಗೆ

ಪುತ್ತೂರು, ಸುಳ್ಯ, ಕಡಬದ ಕಡೆ ಸಭೆಗಳು ನಡೆಯುವವರೆಗೆ, ಮತ್ತು ಆ ಸಭೆಗಳಿಗೆ ಮುಖ್ಯ ಅತಿಥಿಗಳು ತಡವಾಗಿ ಬರುವವರೆಗೆ, ನನಗೆ ಇಂಥ ಪ್ರಸಂಗಗಳ ಕೊರತೆಯಾಗದು. ನಾನೇ ಬರೆದ ಹಾಡುಗಳನ್ನು ಗಿಟಾರ್ ಹಿಡಿದು ಹಾಡುತ್ತೇನೆ. ಕೆಲವು ಕವಿತೆಗಳನ್ನು ಹಾಡದೆ ಮಾತಿನ ಲಯದಲ್ಲೇ ಹೇಳುತ್ತೇನೆ. ದೊಡ್ಡ ಊರುಗಳಲ್ಲಿ ಇದಕ್ಕೆ ಸ್ಪೋಕನ್ ವರ್ಡ್ ಎಂದು ಹೆಸರಿಟ್ಟು, ಟಿಕೆಟ್ ತೆಗೆದುಕೊಂಡು ಕೇಳುತ್ತಾರಂತೆ. ನಮ್ಮಲ್ಲಿ ಅತಿಥಿಗಳ ಕಾರು ಕಾಣಿಸುವವರೆಗೆ ಕೇಳುತ್ತಾರೆ.

ಗಂಟಲು

ಪುತ್ತೂರಿನಲ್ಲಿ ಒಂದು ಸಂಘದ ವಾರ್ಷಿಕೋತ್ಸವ. ಬಸ್ಸಿಗೆ ಕಾಯುವವರ ಬಗ್ಗೆ ಬರೆದ ಕವಿತೆಯೊಂದನ್ನು ಹೇಳಿದೆ. ಸಭೆ ಬಹಳ ನಿಶ್ಶಬ್ದವಾಗಿ ಕೇಳಿತು. ನನಗೂ ಹುರುಪು ಬಂದು ಎರಡನೆಯದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ನಿರೂಪಕರು ಮೃದುವಾಗಿ ಮೈಕ್ ತೆಗೆದುಕೊಂಡರು.

"ಗಂಟಲು ಕೆಟ್ಟಿದ್ದರೂ ನಮ್ಮ ಕರೆಗೆ ಓಗೊಟ್ಟು ಬಂದು, ಹಾಡಿನ ಸಾಹಿತ್ಯವನ್ನಾದರೂ ಓದಿ ಹೇಳಿದ್ದಾರೆ. ಅವರಿಗೆ ಇನ್ನೂ ತೊಂದರೆ ಕೊಡುವುದು ಬೇಡ."

ನನ್ನ ಜೀವಮಾನದ ಅತಿ ದೊಡ್ಡ ಚಪ್ಪಾಳೆ ಅದು. ಕೆಳಗಿಳಿದಾಗ ಒಬ್ಬರು ಅಜ್ಜಿ ನನ್ನ ಕೈಯಲ್ಲಿ ಒಣಶುಂಠಿಯ ತುಂಡು ಇಟ್ಟು, "ಬಾಯಲ್ಲಿ ಇಟ್ಕೊ ಮಗಾ, ನಾಳೆಗೆ ಸ್ವರ ಬರ್ತದೆ" ಎಂದರು. ಇಟ್ಟುಕೊಂಡೆ. ಬೇರೆ ದಾರಿ ಇರಲಿಲ್ಲ.

ಮೈಕ್ ಸೆಟ್ಟಿನವರು ವಯರು ಸುತ್ತುತ್ತಾ ಹತ್ತಿರ ಬಂದರು. "ನಿಮ್ಮ ಗಂಟಲಿನದ್ದು ನನಗೆ ಗೊತ್ತಿಲ್ಲ. ಯಾರಾದ್ರೂ ಕೇಳಿದ್ರೆ ಮೈಕ್ ಸರಿ ಇತ್ತು ಅಂತ ಹೇಳಿ, ಆಯ್ತಾ?"

ಹೆಣ್ಣು ಕೇಳಿದ್ದು

ಈ ಮೈಕಿನವರು ಕಾಣಿಯೂರಿನವರು. ನಮ್ಮ ಕಡೆಯ ಎಲ್ಲ ಭಾಷಣಗಳನ್ನೂ ಕೇಳಿದವರು, ಒಂದನ್ನೂ ಕಿವಿಗೆ ಹಾಕಿಕೊಳ್ಳದವರು. ಅವರಿಗೆ ಕೇಳಿಸುವುದು ಬಾಸ್ ಮತ್ತು ಟ್ರೆಬಲ್ ಮಾತ್ರ. ಅವರ ಮಗಳು ಸುಳ್ಯದ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಾಳೆ. ರಜೆಯ ದಿನ ಅಪ್ಪನ ಪಕ್ಕ ಮಿಕ್ಸರಿನ ಹತ್ತಿರ ಕೂರುತ್ತಾಳೆ. ನನ್ನ ಹಾಡುಗಳ ಮೊದಲರ್ಧವನ್ನೆಲ್ಲ ಅವಳು ಕೇಳಿದ್ದಳು. ಉಳಿದರ್ಧವನ್ನು ಫೋನಿನಲ್ಲಿ ಕೇಳಿಸುತ್ತಾ ಕೇಳಿಸುತ್ತಾ ನಾವಿಬ್ಬರೂ ಮದುವೆಯಾಗುವುದೆಂದು ನಿಶ್ಚಯಿಸಿದೆವು.

ಅವರ ಮನೆಗೆ ಹೋಗಿ ಕೇಳಿದೆ. ಅವರು ಕರಕಲಾದ ಒಂದು ಪ್ಲಗ್ ಬಿಚ್ಚುತ್ತಾ ಕುಳಿತಿದ್ದರು.

"ನಿಮ್ಮ ಬಗ್ಗೆ ದೂರು ಎಂತ ಇಲ್ಲ. ಆದ್ರೆ ನೀವು ಒಂದು ಕಾರ್ಯಕ್ರಮ ಪೂರ್ತಿ ಮಾಡಿದ್ದನ್ನು ನಾನು ಇಷ್ಟರವರೆಗೆ ನೋಡ್ಲಿಲ್ಲ. ಹಿಡಿದದ್ದನ್ನೆಲ್ಲ ಅರ್ಧಕ್ಕೆ ಬಿಡುವವರಿಗೆ ಮಗಳನ್ನು ಹೇಗೆ ಕೊಡುದು ಮಾರಾಯ್ರೆ?"

"ಅರ್ಧಕ್ಕೆ ಮೈಕ್ ಆಫ್ ಮಾಡುವುದು ನೀವೇ ಅಲ್ವಾ?"

"ಅದು ನನ್ನ ಕೆಲಸ. ಪೂರ್ತಿ ಮಾಡುದು ನಿಮ್ಮ ಕೆಲಸ. ಒಂದು ಸಲ ಮಾಡಿ, ಮತ್ತೆ ಮಾತಾಡುವ."

ಜೀಪು

ಕೊಲ್ಲಮೊಗ್ರಿನಲ್ಲಿ ಅವಕಾಶ ಸಿಕ್ಕಿತು. ಅತಿಥಿಗಳು ಇನ್ನೂ ದೂರದಲ್ಲಿದ್ದಾರೆಂಬ ಸಿಹಿಸುದ್ದಿಯೂ ಸಿಕ್ಕಿತು. ಎರಡನೆಯ ಚರಣಕ್ಕೆ ಬಂದಾಗ ರಸ್ತೆಯ ತಿರುವಿನಲ್ಲಿ ಧೂಳೆದ್ದಿತು. ಕಾರ್ಯದರ್ಶಿ ಕೈ ಎತ್ತಿದರು, ಮೈಕ್ ಸತ್ತಿತು, ಸಭೆ ಎದ್ದು ನಿಂತಿತು. ಬಂದದ್ದು ಸಾರಿನ ಪಾತ್ರೆ ತಂದ ಜೀಪು.

ಮೊದಲಿನಿಂದ ಶುರು ಮಾಡಿದೆ. ಮತ್ತೆ ಧೂಳು, ಮತ್ತೆ ಕೈ. ಈ ಸಲ ಅದೇ ಜೀಪು. ಉಪ್ಪಿನಕಾಯಿ ಮರೆತುಹೋಗಿತ್ತಂತೆ.

ಮೂರನೆಯ ಸಲ ನಿಜವಾಗಿಯೂ ಅತಿಥಿಗಳು ಬಂದರು. "ಹಾಡು ಉಂಟು ಅಂತ ಹೇಳಿದ್ರಿಂದ ಓಡಿ ಬಂದೆ. ಮುಗಿದೇ ಹೋಯ್ತಾ, ಛೆ!" ಎಂದು ಬೇಸರಪಟ್ಟು ಒಂದೂವರೆ ಗಂಟೆ ಮಾತಾಡಿದರು.

"ಅಪ್ಪಾ, ಒಂದು ಸಲ ಆದ್ರೂ ಬಿಡ್ಬಾರ್ದಾ?" ಎಂದು ಮಗಳು ಕೇಳಿದ್ದು ನನಗೂ ಕೇಳಿಸಿತು.

"ಕಾರ್ಯದರ್ಶಿ ಕೈ ಎತ್ತಿದ್ರೆ ಆಫ್. ಅಳಿಯ ಆಗುವವ ಅಂತ ಬಿಟ್ರೆ ನಾಳೆ ನನ್ನನ್ನು ಯಾರು ಕರೀತಾರೆ?"

ಅಳಿಯ ಎಂಬ ಶಬ್ದ ಅವರ ಬಾಯಿಯಿಂದ ಬಂತಲ್ಲ ಎಂದು ಸಮಾಧಾನಪಟ್ಟುಕೊಂಡು ಎರಡು ಸಲ ಸಾರು ಹಾಕಿಸಿಕೊಂಡೆ.

ಪೂರ್ತಿ ಆದದ್ದು

ಕಡಬದ ಹತ್ತಿರ ಒಂದು ಸಭಾಭವನ. ಮಧ್ಯಾಹ್ನದ ಊಟ ಮುಗಿದಿತ್ತು, ಸಮಾರೋಪದ ಅತಿಥಿಗಳು ಎಂದಿನಂತೆ ದಾರಿಯಲ್ಲಿದ್ದರು. ಎರಡು ಕವಿತೆ ಹೇಳಿ, ಒಂದು ಹಾಡು ಮುಗಿಸಿ, ಕೊನೆಯದಾಗಿ ನನ್ನ ಅತಿ ಉದ್ದದ ಹಾಡಿಗೆ ಕೈಹಾಕಿದೆ. ನಿಧಾನದ ಹಾಡು.

ಮೊದಲ ಚರಣಕ್ಕೇ ಕಾರು ಬಂತು. ಕಾರ್ಯದರ್ಶಿ ಕೈ ಎತ್ತಿದರು. ಮೈಕ್ ಆಫ್ ಆಗಲಿಲ್ಲ. ನಾನು ಮುಂದುವರಿಸಿದೆ. ಅವರು ಎರಡೂ ಕೈ ಎತ್ತಿದರು. ಮೈಕ್ ಆಫ್ ಆಗಲಿಲ್ಲ. ಮುಖ್ಯ ಅತಿಥಿಗಳು ಬಾಗಿಲಲ್ಲಿ, ಒಳಗೆ ಬರುವುದೋ ಬೇಡವೋ ಎಂದು ತಿಳಿಯದೆ, ಕೈಮುಗಿದ ಭಂಗಿಯಲ್ಲೇ ನಿಂತರು. ಮೈಕಿನವರ ಕಲ್ಲುಮನಸ್ಸು ಕೊನೆಗೂ ಕರಗಿತು, ಸಾಹಿತ್ಯಕ್ಕೆ ಆ ಶಕ್ತಿ ಉಂಟು ಎಂದುಕೊಂಡು ಕಣ್ಣುಮುಚ್ಚಿ ಹಾಡಿದೆ. ನಾಲ್ಕೂ ಚರಣ ಹಾಡಿದೆ. ಪಲ್ಲವಿಯನ್ನು ಇನ್ನೊಮ್ಮೆ ಹಾಡಿದೆ.

ಮುಗಿಸಿ ಕಣ್ಣು ತೆರೆದು ನೋಡುತ್ತೇನೆ: ಮೈಕಿನವರು ಎದೆಗೆ ಗದ್ದ ಊರಿ ಗಾಢ ನಿದ್ರೆಯಲ್ಲಿದ್ದಾರೆ. ಪಕ್ಕದಲ್ಲಿ ಮಗಳು ಸೀಲಿಂಗ್ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಾಳೆ.

ಸದ್ದು ನಿಂತದ್ದೇ ಅವರು ದಡಕ್ಕನೆ ಎದ್ದರು. "ಕರೆಂಟ್ ಹೋಯ್ತಾ?"

"ಇಲ್ಲ, ಹಾಡು ಪೂರ್ತಿ ಆಯ್ತು" ಎಂದಳು ಮಗಳು.

ಕಾರ್ಯದರ್ಶಿ ಬಂದು ಅವರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಹೋದರು. ನಾನು ಗಿಟಾರ್ ಚೀಲಕ್ಕೆ ತುಂಬಿಸಿದೆ. ಕಾರ್ಯಕ್ರಮ ಪೂರ್ತಿ ಆಯಿತು, ನೋಡಬೇಕಾದವರು ನೋಡಲಿಲ್ಲ, ಸಂಬಂಧ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮೈಕಿನವರು ನನ್ನನ್ನು ಹತ್ತಿರ ಕರೆದರು.

"ಮೈಕ್ ಹಿಡಿದವರೆಲ್ಲ ಬೊಬ್ಬೆ ಹಾಕುದೇ. ಸ್ಪೀಕರ್ ಹೋದ್ರೆ ಅಂತ ಹೆದರಿ ಇಷ್ಟು ವರ್ಷ ಸ್ಟೇಜಿನ ಬುಡದಲ್ಲಿ ನಾನು ಕಣ್ಣು ಮುಚ್ಚಿದವನಲ್ಲ. ಇವತ್ತು ನಿದ್ರೆ ಬಂತು. ಅಷ್ಟು ತಂಪು ಸ್ವರ. ಮನೆಯಲ್ಲೂ ನೀವು ಹೀಗೆಯೇ ಮಾತಾಡುದಾ?"

"ಹೀಗೆಯೇ."

"ಹಾಗಾದ್ರೆ ಅಡ್ಡಿ ಇಲ್ಲ. ಮದುವೆಗೆ ಮೈಕ್ ಸೆಟ್ ನನ್ನದೇ. ಹಾಡಿಗೆ ಮಾತ್ರ ಬೇರೆ ಯಾರನ್ನಾದ್ರೂ ಕರೆಯುವ." ಮೈಕಿಗೆ ಚೀಲ ತೊಡಿಸುತ್ತಾ ಅವರು ಕಾರಣವನ್ನೂ ಹೇಳಿದರು: "ಧಾರೆ ಎರೆಯುವಾಗ ನನಗೆ ಎಚ್ಚರ ಇರ್ಬೇಕಲ್ಲ."