ಬಿಜಲಿ ಮಲಗಿಕೊಂಡ ದಿನ

ಕುದುರೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವ ಅಗತ್ಯವಿಲ್ಲ ಎಂದು ನಾನು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಹಾಗೆ ನಂಬಲು ಆಧಾರವೂ ಇತ್ತು. ಕಿನ್ನಾಳದಲ್ಲಿ ಗೊಂಬೆ ಮಾಡುವ ಮನೆತನ ನಮ್ಮದು. ನಲವತ್ತು ವರ್ಷಗಳಿಂದ ಕಟ್ಟಿಗೆಯಲ್ಲಿ ಕುದುರೆ ಕೆತ್ತಿ, ಹುಣಸೆ ಬೀಜದ ಅಂಟು ಹಚ್ಚಿ, ಬಣ್ಣ ಬಳಿದು ಮಾರುತ್ತಾ ಬಂದಿದ್ದೇನೆ. ಬಿಳಿ ಕುದುರೆ, ಕೆಂಪು ಕುದುರೆ, ಗಿರಾಕಿ ಹಟ ಹಿಡಿದರೆ ಹಸಿರು ಕುದುರೆ! ಇಷ್ಟು ವರ್ಷಗಳಲ್ಲಿ ನನ್ನ ಒಂದು ಕುದುರೆಯೂ ಹುಲ್ಲು ಕೇಳಿಲ್ಲ, ಲದ್ದಿ ಹಾಕಿಲ್ಲ, ಕೆಮ್ಮಿಲ್ಲ. ಇದೆಲ್ಲ ನನ್ನ ಕೈಗುಣ ಎಂದುಕೊಂಡಿದ್ದೆ.

ಕೊಪ್ಪಳ ಸ್ಟೇಶನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ ಖಾಜಾಸಾಬರು ನನ್ನ ಹಳೆಯ ಸ್ನೇಹಿತರು. ನನ್ನ ಗೊಂಬೆಗಳ ಪೆಟ್ಟಿಗೆಗಳನ್ನು ಬಸ್‌ಸ್ಟ್ಯಾಂಡಿನಿಂದ ರೈಲಿಗೆ ಮುಟ್ಟಿಸುತ್ತಿದ್ದದ್ದು ಅವರ ಹೆಣ್ಣು ಕುದುರೆ ಬಿಜಲಿ. ಹೆಸರು ಬಿಜಲಿ, ನಡಿಗೆ ಮಾತ್ರ ಕರೆಂಟು ಹೋದ ಮೇಲಿನದು. ಆದರೆ ಇಪ್ಪತ್ತು ವರ್ಷಗಳಲ್ಲಿ ನನ್ನ ಒಂದು ಗೊಂಬೆಯ ಮೂಗೂ ಮುಕ್ಕಾಗಲು ಬಿಟ್ಟವಳಲ್ಲ.

ಈ ವರ್ಷ ಟಾಂಗಾ ನಿಂತೇ ಹೋಯಿತು. ಆಟೋಗಳ ಕಾಲದಲ್ಲಿ ಅದನ್ನು ಹತ್ತುವವರು ಯಾರು? ಖಾಜಾಸಾಬರ ಮೊಣಕಾಲೂ ಕೈಕೊಟ್ಟಿತು. ಹನುಮಸಾಗರದಲ್ಲಿರುವ ಮಗಳ ಮನೆಗೆ ಹೊರಟು ನಿಂತರು. ಮಗಳದು ಮಹಡಿ ಮನೆ. ಕುದುರೆಯನ್ನು ಕೇಳಿಕೊಂಡು ಬಂದವನು ಒಬ್ಬನೇ, ಹಿಟ್ನಾಳದ ಆಚೆ ಇಟ್ಟಿಗೆ ಭಟ್ಟಿ ಇಟ್ಟವನು.

"ಭಟ್ಟಿಗೆ ಕೊಟ್ರ ಆಕಿ ಮುಂದಿನ ಮಳಿಗಾಲ ಕಾಣಂಗಿಲ್ಲ, ವಿರೂಪಣ್ಣ," ಎಂದು ಖಾಜಾಸಾಬರು ಕಣ್ಣು ಒರೆಸಿಕೊಂಡರು.

ನನಗೆ ತಡೆಯಲಾಗಲಿಲ್ಲ. "ನಮ್ಮ ಮನಿಗೆ ಕರ್ಕೊಂಡು ಹೋಗ್ತೀನ್ರಿ. ಜೀವ ಇರೋತನಕ ನಮ್ಮ ಹಿತ್ತಲದಾಗ ಇರ್ತಾಳ," ಎಂದುಬಿಟ್ಟೆ.

"ಕುದುರಿ ಸಾಕಿ ಗೊತ್ತೈತೇನು ನಿಮಗ?"

"ಖಾಜಾಸಾಬ್ರ, ನಲವತ್ತು ವರ್ಷ ಆತು ಕುದುರಿ ಮಾಡಾಕತ್ತು!"

"ಮಾಡೋದು ಬ್ಯಾರೆ, ಮೇಯಿಸೋದು ಬ್ಯಾರೆ ಐತಿ ಭಾಯಿ. ಒಂದು ತಿಂಗಳ ಬಿಟ್ಟು ಬರ್ತೀನಿ. ಆಕಿ ಮಾರಿ ನೋಡಿದ್ರ ನನಗ ಎಲ್ಲಾ ತಿಳೀತೈತಿ. ಸುಖದಾಗ ಇಲ್ಲ ಅನಿಸ್ತಂದ್ರ ವಾಪಸ್ ಒಯ್ತೀನಿ."

ವಾಪಸ್ ಎಲ್ಲಿಗೆ? ಮಗಳ ಮನೆಯ ಮೆಟ್ಟಿಲು ಹತ್ತಿಸುವುದಕ್ಕಂತೂ ಅಲ್ಲ. ವಾಪಸ್ ಎಂದರೆ ಭಟ್ಟಿಗೇ ಎಂದು ಇಬ್ಬರಿಗೂ ಗೊತ್ತಿತ್ತು. ಬಿಜಲಿಯನ್ನು ಭಟ್ಟಿಯ ಕಡೆ ಮುಖ ಮಾಡಲು ಬಿಡುವುದಿಲ್ಲ ಎಂದು ನಾನು ಅಲ್ಲೇ ಮನಸ್ಸಿನಲ್ಲಿ ಶಪಥ ಮಾಡಿದೆ.

ಕೊಪ್ಪಳದಿಂದ ಕಿನ್ನಾಳಕ್ಕೆ ಅವಳನ್ನು ನಡೆಸಿಕೊಂಡು ಹೊರಟೆ. ಊಟದ ಹೊತ್ತಿಗೆ ಮನೆ ಮುಟ್ಟಬೇಕೆಂಬುದು ನನ್ನ ಯೋಜನೆ. ಬಿಜಲಿಯ ಯೋಜನೆ ಬೇರೆ ಇತ್ತು. ಯಾರಾದರೂ ಕೈ ಎತ್ತಿದರೆ ನಿಲ್ಲಬೇಕು, ಜನ ಹತ್ತಿ ಕುಳಿತ ಭಾರ ಬಿದ್ದ ಮೇಲೆಯೇ ಹೊರಡಬೇಕು. ಇದು ಇಪ್ಪತ್ತು ವರ್ಷಗಳ ಅವಳ ಸರ್ವೀಸು. ಆ ದಾರಿಯಲ್ಲಿ ನನ್ನನ್ನು ಬಲ್ಲವರೇ ಎಲ್ಲ. "ಏನ್ ವಿರೂಪಣ್ಣ, ಇದು ಖರೇ ಕುದುರೀನೋ, ಕಟ್ಟಿಗೀದೋ?" ಎಂದು ಒಬ್ಬ ಕೈ ಎತ್ತಿದ. ಬಿಜಲಿ ನಿಂತಳು. ಹಿಂದೆ ಟಾಂಗಾನೇ ಇಲ್ಲ, ಭಾರ ಎಲ್ಲಿಂದ ಬೀಳಬೇಕು? ನಾನು ಅವಳ ಬೆನ್ನಿನ ಮೇಲೆ ಎರಡೂ ಕೈ ಊರಿ, ಜೋತುಬಿದ್ದು, "ಎಲ್ಲಾರೂ ಹತ್ಯಾರವ್ವ, ನಡಿ," ಎಂದ ಮೇಲೆಯೇ ಹೆಜ್ಜೆ ಕಿತ್ತಳು. ಮುಂದೆ ಹೊಲದಲ್ಲಿದ್ದವರು ಕೈ ಎತ್ತಿ ನಮಸ್ಕಾರ ಹೇಳಿದರು. ನಿಂತಳು. "ದಯವಿಟ್ಟು ಯಾರೂ ಕೈ ಎತ್ತಬ್ಯಾಡ್ರಿ!" ಎಂದು ನಾನೇ ಕೈ ಎತ್ತಿ ಕೂಗಿದೆ. ಮತ್ತೆ ನಿಂತಳು! ಮನೆ ಮುಟ್ಟಿದಾಗ ಓಣಿಯಲ್ಲಿ ದೀಪ ಹಚ್ಚುತ್ತಿದ್ದರು.

ನನ್ನ ಹೆಂಡತಿ ಗಿರಿಜವ್ವ ಬಾಗಿಲಲ್ಲೇ ನಿಂತಿದ್ದಳು.

"ಪೆಟ್ಟಿಗಿ ಮುಟ್ಟಿಸಿ ಬರ್ತೀನಿ ಅಂತ ಹೋದವರು ಪೆಟ್ಟಿಗಿ ಎಳಿಯೋದನ್ನೇ ತಂದೀರಲ್ರಿ! ಮನಿಯಾಗ ಒಂದು ಮಾತು ಕೇಳಬಾರ್ದಾ?"

ನಾನು ಭಟ್ಟಿಯ ಕಥೆ ಹೇಳಿದೆ. ಅವಳು ಹತ್ತಿರ ಬಂದು ಕುದುರೆಯ ಹಣೆ ಮುಟ್ಟಿದಳು. ಬಿಜಲಿ ಅವಳ ಹೆಗಲಿಗೆ ಮೂಗು ಒರಗಿಸಿ ನಿಟ್ಟುಸಿರು ಬಿಟ್ಟಳು. ಗಿರಿಜವ್ವನ ಸಿಟ್ಟು ಇಳಿಯಿತು. ನನ್ನ ಕಡೆ ತಿರುಗಿದಾಗ ಮತ್ತೆ ಏರಿತು.

ಮೊದಲ ವಾರ ಪಂಚಮಿ ಹಬ್ಬ. ಇಪ್ಪತ್ತು ವರ್ಷ ದುಡಿದ ಜೀವಕ್ಕೆ ಒಣ ಹುಲ್ಲು ಹಾಕುವುದು ಯಾವ ನ್ಯಾಯ? ಗಿರಿಜವ್ವ ದೇವರ ಮುಂದೆ ಕುಳಿತಿದ್ದಾಗ ನಾನು ಶೇಂಗಾ ಉಂಡಿ ಒಂದು ಕೊಟ್ಟೆ. ಬಿಜಲಿ ತಿಂದು ನನ್ನ ಮುಖ ನೋಡಿದಳು. ಎರಡನೆಯದು ಕೊಟ್ಟೆ. ಹಾಗೆ ನೋಡುತ್ತಾ ಕೊಡುತ್ತಾ ಡಬ್ಬಿ ಖಾಲಿಯಾಯಿತು. ಸಂಜೆಗೆ ಅವಳು ನೆಲ ಕೆರೆಯತೊಡಗಿದಳು, ಹೊಟ್ಟೆಯ ಕಡೆ ತಿರುತಿರುಗಿ ನೋಡತೊಡಗಿದಳು. ಪಶು ಡಾಕ್ಟರನ್ನು ಓಡಿಹೋಗಿ ಕರೆತಂದೆ.

"ಏನು ಕೊಟ್ಟಿದ್ರಿ?"

"ಒಂದೀಟು ಉಂಡಿ, ಸರ್."

"ಒಂದೀಟು ಅಂದ್ರ?"

ಗಿರಿಜವ್ವ ಒಳಗಿನಿಂದ ಡಬ್ಬಿಯನ್ನೇ ತಂದು ಇಟ್ಟಳು. ಡಾಕ್ಟರು ಡಬ್ಬಿ ನೋಡಿದರು, ಕುದುರೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಇಂಜೆಕ್ಷನ್ ಯಾರಿಗೆ ಮಾಡ್ಬೇಕೋ ತಿಳೀವಲ್ದು," ಎಂದರು. ಸೂಜಿ ಚುಚ್ಚಿ, ಮೆಲ್ಲಗೆ ನಡೆಸಲು ಹೇಳಿ, "ಇನ್ಮುಂದೆ ಹುಲ್ಲು, ನೀರು, ಒಂದು ಹಿಡಿ ನೆನೆಸಿದ ಕಡ್ಲಿ. ಹಾಕೋರು ಅಮ್ಮಾರು. ನೀವು ಗೊಂಬಿ ಮಾಡ್ರಿ," ಎಂದು ಬರೆದುಕೊಟ್ಟಂತೆ ಹೇಳಿದರು. ಬಿಜಲಿ ಉಳಿದಳು. ಉಂಡಿಯ ಸುದ್ದಿ ಬೀಗರ ಮನೆಯವರೆಗೂ ಹೋಯಿತು.

ಇಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ಕೈಯಲ್ಲಿ ಕಲೆ ಇದ್ದವನಿಗೆ ಸುಮ್ಮನಿರಲು ಬರುವುದಿಲ್ಲ. ಟಾಂಗಾದ ಪಟ್ಟಿ ತಿಕ್ಕಿ ತಿಕ್ಕಿ ಬಿಜಲಿಯ ಭುಜದ ಮೇಲೆ ಅಂಗೈ ಅಗಲ ಕೂದಲು ಉದುರಿತ್ತು. ಬಣ್ಣ ಹೋದ ಕುದುರೆಯನ್ನು ಹಾಗೇ ಬಿಡುವ ಮನೆತನ ನಮ್ಮದಲ್ಲ! ಕೆಮ್ಮಣ್ಣು ಅರೆದು, ಹುಣಸೆ ಬೀಜದ ಅಂಟಿನಲ್ಲಿ ಕಲಸಿ, ಆ ಜಾಗಕ್ಕೆ ಮೆಲ್ಲಗೆ ಹಚ್ಚಿದೆ. ಬಣ್ಣ ಸ್ವಲ್ಪ ಗಾಢವಾಯಿತು. ಅದಕ್ಕೆ ಹೊಂದಲಿ ಎಂದು ಸುತ್ತಲೂ ಹಚ್ಚಿದೆ. ಸುತ್ತಲಿನದಕ್ಕೆ ಹೊಂದಲಿ ಎಂದು ಕುತ್ತಿಗೆಗೆ ಹಚ್ಚಿದೆ. ಅಂಟು ತೀರಿದಾಗ ಬಿಜಲಿಯ ಎಡಗಡೆ ಹೊಸದಾಗಿತ್ತು, ಬಲಗಡೆ ಹಳೆಯದೇ ಇತ್ತು. ಪಕ್ಕದ ಮನೆಯ ಹನುಮಪ್ಪ ಗೋಡೆಯ ಮೇಲಿಂದ ಇಣುಕಿ, "ಇನ್ನೊಂದು ಕುದುರಿ ಯಾವಾಗ ತಂದ್ರಿ?" ಎಂದು ಕೇಳಿದ.

ಅಂಟು ಒಣಗಿ ಕೂದಲೆಲ್ಲ ಚಾಪೆಯಾಯಿತು. ಹನುಮಪ್ಪನ ಎಮ್ಮೆ ಆ ರುಚಿಗೆ ಮರುಳಾಗಿ ಹಗ್ಗ ಕಿತ್ತುಕೊಂಡು ನೆಕ್ಕಲು ಬಂತು. ಗಿರಿಜವ್ವ ಬಿಸಿನೀರು ಕಾಯಿಸಿ ಎರಡು ದಿನ ತೊಳೆದಳು. ತೊಳೆಯುತ್ತಾ ಕುದುರೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು, ನನಗೆ ಮಾತು ಹಚ್ಚುತ್ತಿದ್ದಳು.

"ನಿಮಗ ಕೈ ಮುಗಿತೀನಿ, ಆಕಿನ್ನ ಮುಟ್ಟಬ್ಯಾಡ್ರಿ. ಖಾಜಾಸಾಬಣ್ಣ ಬರೋ ದಿನ ಹತ್ರ ಬಂತು. ಒಯ್ದರಂದ್ರ ನನಗ ತಡಕೊಳ್ಳಾಕ ಆಗಂಗಿಲ್ಲ ನೋಡ್ರಿ."

ಅವಳ ಕಣ್ಣಲ್ಲಿ ನೀರಿತ್ತು. ನನಗೂ ಹೆದರಿಕೆಯಾಯಿತು. ಇನ್ನು ಏನೂ ಮಾಡುವುದಿಲ್ಲ, ಬರೀ ದೂರದಿಂದ ಕಾವಲು ಕಾಯುತ್ತೇನೆ ಎಂದು ಎರಡನೆಯ ಶಪಥ ಮಾಡಿದೆ. ಹಿತ್ತಲಲ್ಲೇ ಉಳಿ, ಬಾಚಿ ಇಟ್ಟುಕೊಂಡು ಕೆಲಸಕ್ಕೆ ಕುಳಿತೆ. ಕಟ್ಟಿಗೆ ಒಂದು ಏಟು ಕೆತ್ತಿದರೆ ಬಿಜಲಿಯನ್ನು ಎರಡು ಸಲ ನೋಡುತ್ತಿದ್ದೆ. ಯಾವಾಗ ನೋಡಿದರೂ ಅವಳು ನಿಂತೇ ಇರುತ್ತಿದ್ದಳು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಾನು ಮಾಡಿದ ಸಾವಿರಾರು ಕುದುರೆಗಳಲ್ಲಿ ಮಲಗಿದ್ದು ಒಂದೂ ಇಲ್ಲ. ಮಲಗಿತು ಎಂದರೆ ಕಾಲು ಮುರಿಯಿತು, ಗಿರಾಕಿ ವಾಪಸ್ ತಂದ ಎಂದೇ ಅರ್ಥ.

ತಿಂಗಳು ತುಂಬಲು ಇನ್ನೂ ಮೂರು ದಿನ ಇತ್ತು. ಅವತ್ತು ಬೆಳಿಗ್ಗೆ ಗೊಂಬೆ ಪಾರ್ಸಲ್ ಬಸ್ಸಿಗೆ ಹಾಕಿ ಬರುತ್ತೇನೆಂದು ಹೊರಟವನು, ಚಸ್ಮಾ ಮರೆತಿದ್ದಕ್ಕೆ ಅರ್ಧ ದಾರಿಯಿಂದ ತಿರುಗಿ ಬಂದೆ. ಗಿರಿಜವ್ವ ಮನೆಯಲ್ಲಿರಲಿಲ್ಲ. ಹಿತ್ತಲಿಗೆ ಇಣುಕಿದೆ. ಬಿಸಿಲಲ್ಲಿ ಬಿಜಲಿ ಒಂದು ಮಗ್ಗುಲಾಗಿ ಬಿದ್ದಿದ್ದಳು. ಕುತ್ತಿಗೆ ನೆಲದ ಮೇಲೆ. ನಾಲ್ಕೂ ಕಾಲು ನೆಟ್ಟಗೆ.

ನನ್ನ ಬಾಯಿಂದ ಬಂದ ಕೂಗಿಗೆ ಓಣಿಯೇ ಓಡಿ ಬಂತು. ಬಾಗಿ ಉಸಿರು ನೋಡಬೇಕೆಂಬ ಬುದ್ಧಿ ಒಬ್ಬರಿಗೂ ಬರಲಿಲ್ಲ. ಕುದುರೆ ಪಂಡಿತನೇ ಅಳುತ್ತಿರುವಾಗ ಬೇರೆಯವರು ಅನುಮಾನ ಪಡುವುದುಂಟೇ? ನಾನು ಅಳುತ್ತಲೇ ಖಾಜಾಸಾಬರಿಗೆ ಫೋನು ಹಚ್ಚಿದೆ. "ಬಿಜಲಿ ತೀರಿಕೊಂಡ್ಲ್ರಿ!" ಎಂದೆ. ಆ ಕಡೆ ಫೋನು ಕಟ್ಟಾಯಿತು.

"ಹೆಂಗ ಬೇಕಾದ್ರ ಹಂಗ ಬಿಸಾಕಬಾರ್ದು, ದುಡಿದ ಜೀವ," ಎಂದು ಹನುಮಪ್ಪ ತನ್ನ ಹೊಸ ಮನೆಯ ಪಾಯ ತೋಡುತ್ತಿದ್ದ ಜೆಸಿಬಿಯನ್ನು ಗುಂಡಿ ತೆಗೆಯಲು ನಮ್ಮ ಹಿತ್ತಲ ಮೂಲೆಗೆ ತಿರುಗಿಸಿದ. ಒಬ್ಬರು ಅರಿಷಿಣ ಕುಂಕುಮ ತಂದರು. ಇನ್ನೊಬ್ಬರು ಮಾರು ಉದ್ದದ ಚೆಂಡು ಹೂವಿನ ಹಾರ ತಂದರು. ಜೆಸಿಬಿ ಮೂರನೆಯ ಸಲ ಹಲ್ಲು ಊರಿದಾಗ ನೆಲದಿಂದ ನೀರು ಮನೆಯ ಎತ್ತರಕ್ಕೆ ಚಿಮ್ಮಿತು. ಓಣಿಯ ನಳದ ಪೈಪು! ಇಷ್ಟೆಲ್ಲ ಗದ್ದಲದಲ್ಲೂ ಬಿಜಲಿ ಅಲುಗಲಿಲ್ಲ. ರೈಲಿನ ಸದ್ದಿನಲ್ಲಿ ಬಾಳಿದವಳಿಗೆ ನಮ್ಮ ಓಣಿ ಯಾವ ಲೆಕ್ಕ? ನಾವು ಮಾತ್ರ ಅದನ್ನೇ ಸಾವಿನ ಸಾಕ್ಷಿ ಎಂದುಕೊಂಡೆವು.

ಆಗ ತಲೆಯ ಮೇಲೆ ಹಸಿ ಹುಲ್ಲಿನ ಹೊರೆ ಹೊತ್ತು ಗಿರಿಜವ್ವ ಬಂದಳು. ಜನರನ್ನು ನೋಡಿದಳು, ಕಾರಂಜಿ ನೋಡಿದಳು, ಹಾರ ಹಿಡಿದು ನಿಂತ ಗಂಡನನ್ನು ನೋಡಿದಳು.

"ಏನ್ ನಡಿಸೀರಿ ಇಲ್ಲಿ?"

"ಬಿಜಲಿ ಹೋದ್ಲು, ಗಿರಿಜಾ!"

"ಎಲ್ಲಿಗೆ ಹೋದ್ಲು? ಹೊಟ್ಟಿ ಏರಿ ಇಳ್ಯಾಕತ್ತೈತಿ, ಕಾಣವಲ್ದಾ? ಮಲಗ್ಯಾಳ, ಸಪ್ಪಳ ಆಗಬಾರ್ದು ಅಂತ ನಾನೇ ಕದಾ ಮುಂದ ಮಾಡ್ಕೊಂಡು ಹೋಗೀನಿ. ನೀವು ಊರನ್ನೇ ಕರದೀರಲ್ರಿ!"

ಹುಲ್ಲಿನ ಹೊರೆ ನೆಲಕ್ಕೆ ಬಿತ್ತು. ಬಿಜಲಿ ಒಂದು ಕಣ್ಣು ತೆರೆದಳು. ಮೂಗು ಅರಳಿಸಿದಳು. ಎದ್ದು ಮೈ ಕೊಡವಿ, ಎಲ್ಲರ ಮೇಲೂ ಮಣ್ಣು ಹಾರಿಸಿ, ನನ್ನ ಕೈಯಲ್ಲಿದ್ದ ಹಾರವನ್ನು ಒಂದು ತುದಿಯಿಂದ ತಿನ್ನತೊಡಗಿದಳು. ಜನ ನಕ್ಕರು. ಎರಡು ದಿನ ನಳಕ್ಕೆ ನೀರಿಲ್ಲ ಎಂದು ತಿಳಿದ ಮೇಲೆ ನಗು ನಿಲ್ಲಿಸಿದರು.

ಖಾಜಾಸಾಬರಿಗೆ ಹತ್ತು ಸಲ ಫೋನು ಮಾಡಿದೆ. ಎತ್ತಲಿಲ್ಲ. ಕುಷ್ಟಗಿ, ಕೊಪ್ಪಳ ಎಂದು ಬಸ್ಸು ಬದಲಿಸುತ್ತಾ ಮಧ್ಯಾಹ್ನ ಅವರೇ ಕುಂಟುತ್ತಾ ಬಂದರು. ಅತ್ತು ಅತ್ತು ಕಣ್ಣು ಊದಿದ್ದವು. ಹಿತ್ತಲಲ್ಲಿ ನಿಂತು ಹುಲ್ಲು ತಿನ್ನುತ್ತಿದ್ದ ಬಿಜಲಿಯನ್ನು ಕಂಡು, "ಯಾ ಅಲ್ಲಾ!" ಎಂದವರು ಅವಳ ಕುತ್ತಿಗೆ ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ.

ನಾನು ಒಂದನ್ನೂ ಮುಚ್ಚಿಡಲಿಲ್ಲ. ಉಂಡಿ, ಬಣ್ಣ, ಗುಂಡಿ, ಪೈಪು ಎಲ್ಲ ಒಪ್ಪಿಕೊಂಡೆ. ಆಮೇಲೆ ಕುದುರೆಗೂ ಅವರಿಗೂ ನಡುವೆ ಹೋಗಿ ನಿಂತೆ.

"ಬೈರಿ, ಎರಡು ಹೊಡೀರಿ. ಆದ್ರ ಆಕಿನ್ನ ಕೊಡಾಂಗಿಲ್ಲ. ನನಗ ಏನೂ ಬರಂಗಿಲ್ಲ, ಕಲೀತೀನಿ. ಭಟ್ಟಿಗೆ ಮಾತ್ರ ಕಳಸಾಂಗಿಲ್ಲ!" ಜೀವನದಲ್ಲಿ ಅಷ್ಟು ಗಟ್ಟಿಯಾಗಿ ನಾನು ಯಾವ ಮಾತನ್ನೂ ಆಡಿಲ್ಲ.

ಖಾಜಾಸಾಬರು ಬೇರೇನನ್ನೋ ಯೋಚಿಸುತ್ತಿದ್ದರು.

"ಮಗ್ಗುಲಾಗಿ ಮಲಗಿದ್ಲಾ? ಕಾಲು ಚಾಚಿ? ಹಗಲಿನ್ಯಾಗ?"

"ಹೌದ್ರಿ."

ಅವರು ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಕುದುರಿ ನಿಂತಲ್ಲೇ ತೂಕಡಸತೈತಿ, ವಿರೂಪಣ್ಣ. ಮನಸಿನ್ಯಾಗ ಹೆದರಿಕಿ ಇರೋತನಕ ಮೈ ಚೆಲ್ಲಿ ಮಲಗಂಗಿಲ್ಲ. ಇಪ್ಪತ್ತು ವರ್ಷದಾಗ ನಾ ಇಕಿನ್ನ ಹಂಗ ಮಲಗಿದ್ದು ನೋಡಿಲ್ಲ. ಇರ್ಲಿ ಬಿಡ್ರಿ. ಇದೇ ಇಕಿ ಮನಿ."

ನನ್ನ ಎದೆ ಉಬ್ಬಿತು. ಗುಂಡಿ, ಪೈಪು ಎಲ್ಲ ಮರೆತುಹೋಯಿತು. "ನೋಡಿದೇನ, ಗಿರಿಜಾ? ನನ್ನ ಮ್ಯಾಲ ಆಕಿಗೆ ಎಷ್ಟು ನಂಬಿಕಿ ಬಂದೈತಿ!"

ಚಹಾ ತಂದ ಗಿರಿಜವ್ವ ಖಾಜಾಸಾಬರ ಕೈಗೆ ಲೋಟ ಕೊಟ್ಟು, ಮೆಲ್ಲಗೆ ಹೇಳಿದಳು:

"ಒಂದು ವಾರ ಆತ್ರಿ ಅಣ್ಣಾರ, ದಿನಾ ಮಲಗ್ತಾಳ. ಇವರು ಹೊರಗ ಹೋಗೋದನ್ನ ಕಾಯ್ತಾಳ. ಚಪ್ಪಲಿ ಸಪ್ಪಳ ಓಣಿ ದಾಟ್ತಂದ್ರ ಸಾಕು, ಹಾಯಂತ ಕಾಲು ಚಾಚತಾಳ."

ಖಾಜಾಸಾಬರು ಚಹಾ ಕುಡಿಯುತ್ತಾ ಗಂಭೀರವಾಗಿ ವಿಚಾರ ಮಾಡಿದರು. "ಹಂಗಾರ ದಿನಾ ಒಂದು ತಾಸು ಹೊರಗ ಹೋಗ್ರಿ, ವಿರೂಪಣ್ಣ. ಮುದುಕಿ ಜೀವ, ನಿದ್ದಿ ಬೇಕು," ಎಂದು ತೀರ್ಪು ಕೊಟ್ಟರು. ಅದಕ್ಕೆ ಅಪೀಲಿಲ್ಲ.

ಅವತ್ತಿನಿಂದ ಬೆಳಿಗ್ಗೆ ಹತ್ತಕ್ಕೆ ಗಿರಿಜವ್ವ ನನ್ನ ಚಪ್ಪಲಿ ಬಾಗಿಲಿಗೆ ತಂದಿಡುತ್ತಾಳೆ. ಬಿಸಿಲಿರಲಿ, ಮಳೆಯಿರಲಿ, ನಾನು ಹೊರಡುತ್ತೇನೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಳಿತಾಗ ಜನ ಕೇಳುತ್ತಾರೆ, "ಏನ್ ವಿರೂಪಣ್ಣ, ಕೆಲಸ ಬಿಟ್ಟು ಇಲ್ಲಿ ಕುಂತೀರಿ?" ನಾನು ಎದೆ ಸೆಟೆಸಿ ಹೇಳುತ್ತೇನೆ, "ಕುದುರಿ ಸಾಕಾಕತ್ತೀನಿ!"