ಟೈಪಿಸ್ಟ್ ಬರೆದ ರಜಾ ಫಾರಂ

ಹೊಸೂರಿನ ಒಂದು ಬಿಡಿಭಾಗದ ಫ್ಯಾಕ್ಟರಿಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಕಂಪ್ಯೂಟರ್ ಬಂದ ಮೇಲೆ ನಗದೇ ಮನೆಗೆ ಹೋದ ದಿನವೇ ಇಲ್ಲ ಅನ್ನಬೇಕು. ಅದಕ್ಕೆ ಅರ್ಧ ಕಾರಣ ನಾನೇ.

ರಜಾ ಚೀಟಿಯನ್ನೆಲ್ಲ ಕಂಪ್ಯೂಟರಿನ ಪೇಜಿನಲ್ಲೇ ತುಂಬಿಸಬೇಕು ಅಂತ ನಮ್ಮ ಮ್ಯಾನೇಜರಿಗೆ ಆಸೆ. ನಾನು ಭಾನುವಾರದ ಕ್ಲಾಸಿಗೆ ಹೋಗಿ ಸ್ಕ್ರಿಪ್ಟ್ ಬರೆಯುವುದನ್ನು ಆಗಷ್ಟೇ ಕಲಿಯುತ್ತಿದ್ದೆ. ಸ್ಕ್ರಿಪ್ಟ್ ಅಂದರೆ, ತುಂಬುವವರು ತಪ್ಪು ಮಾಡಿದರೆ ಪೇಜೇ ಎದ್ದು ಹೇಳುವ ಹಾಗೆ ಮಾಡುವ ನಾಲ್ಕು ಸಾಲು. "ನಾನೇ ಮಾಡ್ತೀನಿ ಸರ್" ಅಂದೆ.

"ಎನ್ನಮ್ಮಾ, ಇದು ಟೈಪಿಸ್ಟ್ ಮಾಡೋ ಕೆಲಸಾನಾ?" ಅಂದರು, ತಮ್ಮ ತಮಿಳು ಬೆರೆಸಿ.

"ಒಂದು ವಾರ ಕೊಡಿ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೀರಿ."

ಓಕೆ, ಓಕೆ, ಓಕೆ

ಹೆಸರಿನ ಜಾಗ ಖಾಲಿ ಬಿಟ್ಟು ಮುಂದೆ ಹೋದರೆ "ಹೆಸರು ಬರೆಯಿರಿ" ಅಂತ ಬರಬೇಕು, ಹಿಂದಕ್ಕೇ ಎಳೆದುಕೊಂಡು ಬರಬೇಕು. ಪಕ್ಕದ ಟೋಕನ್ ನಂಬರಿಗೂ ಅದೇ ಕಾವಲು ಹಾಕಿದೆ. ಎರಡು ಕಾವಲೂ ಒಂದರ ಮೇಲೊಂದು ಬಿದ್ದು ಜಗಳಕ್ಕೆ ನಿಲ್ಲುತ್ತವೆ ಅಂತ ನನಗೇನು ಗೊತ್ತು?

ಮೊದಲು ಕೂತವರು ಸ್ಟೋರ್ ನೋಡಿಕೊಳ್ಳುತ್ತಿದ್ದ ಗುಮ್ಮಳಾಪುರದ ಹಿರಿಯರು. ಹೆಸರು ಬರೆಯದೆ ನೇರ ನಂಬರಿಗೆ ಕೈ ಹಾಕಿದರು. "ಹೆಸರು ಬರೆಯಿರಿ" ಅಂತು. ಓಕೆ ಒತ್ತಿದರು. "ನಂಬರ್ ಬರೆಯಿರಿ" ಅಂತು. ಓಕೆ. ಮತ್ತೆ ಹೆಸರು. ಓಕೆ. ಮತ್ತೆ ನಂಬರ್.

ನಾನು ಟೀ ಕುಡಿದು ಬಂದರೂ ಅವರು ಅಲ್ಲೇ ಕೂತು ಒತ್ತುತ್ತಿದ್ದರು.

"ಅಯ್ಯೋ, ನನ್ನನ್ನ ಕೂಗೋದಲ್ವಾ? ಬೇಜಾರಾಗ್ಲಿಲ್ವಾ?" ಅಂದೆ.

"ಇರ್ಲಿ ಬುಡವ್ವ," ಅಂದರು, ಒತ್ತುವುದನ್ನು ನಿಲ್ಲಿಸದೆ. "ನಮ್ಮವ್ವಂಗೂ ನನ್ನೆಂಡ್ರಿಗೂ ನಡುವೆ ಮೂವತ್ತು ವರ್ಸದಿಂದ ಹಿಂಗೇ ಓಕೆ ಅನ್ಕಂಡೇ ಬದ್ಕಿವ್ನಿ."

ದೊಡ್ಡ ಮನೆತನ

ಮ್ಯಾನೇಜರು ಅಷ್ಟಕ್ಕೇ ನನ್ನನ್ನು ಹಳೇ ಟೈಪಿಂಗ್ ಕೆಲಸಕ್ಕೇ ಕಳಿಸಲು ನೋಡಿದರು. ನಾನು ಕುರ್ಚಿ ಬಿಡಲಿಲ್ಲ. ಎರಡೂ ಕಾವಲು ಕಿತ್ತು, ಕೊನೆಯ ಬಟನ್ ಒತ್ತಿದಾಗ ಒಂದೇ ಸಲ ಎಲ್ಲ ನೋಡುವ ಹಾಗೆ ಬರೆದೆ. ಸರಿಹೋಯಿತು.

ಆಮೇಲೆ ಐಡಿ ಕಾರ್ಡಿನ ಫಾರಂ ಬಂತು. "ಸರ್‌ನೇಮ್ ಬೇಕೇ ಬೇಕು. ಇಂಗ್ಲಿಷಿನಲ್ಲಿ ಮೂರು ಅಕ್ಷರಕ್ಕೆ ಕಮ್ಮಿ ಇದ್ರೆ ತಗೋಬಾರದು. ಹೆಡ್ ಆಫೀಸ್ ಆರ್ಡರ್" ಅಂದರು.

"ನಮ್ಮ ಕಡೆ ಸರ್‌ನೇಮ್ ಯಾರಿಗಿದೆ ಸರ್? ಅಪ್ಪನ ಹೆಸರಿನ ಒಂದಕ್ಷರ ಮುಂದೆ ಹಾಕ್ಕೊಂಡು ಓಡಾಡೋರು ನಾವು. ನಿಮಗೇ ಇಲ್ಲ."

"ಹೇಳಿದಷ್ಟು ಮಾಡಮ್ಮಾ."

ಹೇಳಿದಷ್ಟೇ ಮಾಡಿದೆ. ಇನಿಷಿಯಲ್ ಹಾಕಿದರೆ ಪೇಜು ಬಿಡಲಿಲ್ಲ. ಸರ್‌ನೇಮ್ ಇಲ್ಲದ ಜನ ಇಲ್ಲ ಅಂತಲೇ ಬರೆದರು. ಕನ್ನಡದವರು "ಇಲ್ಲ" ಅಂತ, ತಮಿಳಿನವರು "ಇಲ್ಲೈ" ಅಂತ, ತೆಲುಗಿನವರು "ಲೇದು" ಅಂತ. ಕಾರ್ಡುಗಳೂ ಹಾಗೇ ಅಚ್ಚಾಗಿ ಬಂದವು.

ಹೆಡ್ ಆಫೀಸಿನಿಂದ ಬಂದ ಉತ್ತರ ಭಾರತದ ಸಾಹೇಬರೊಬ್ಬರು ಪಟ್ಟಿ ನೋಡುತ್ತ ಕೇಳಿದರು: "ಈ ಇಲ್ಲ, ಇಲ್ಲೈ, ಲೇದು... ಈ ಕಡೆಯ ಮನೆತನಗಳಾ?"

ಮ್ಯಾನೇಜರು ಗೋಡೆ ನೋಡಿದರು. ನಾನು ಹೇಳಿದೆ: "ಹೌದು ಸರ್, ಬಹಳ ದೊಡ್ಡ ಮನೆತನ. ಫ್ಯಾಕ್ಟರಿ ತುಂಬ ಅವರೇ."

ಅವತ್ತೇ ಆ ಸಾಲು ತೆಗೆದೆ. ಯಾರನ್ನೂ ಕೇಳಲಿಲ್ಲ.

ಕಾರಣ ವಿವರವಾಗಿ ಬರೆಯಿರಿ

ಜೋಡಣೆ ವಿಭಾಗದ ಹೆಣ್ಣುಮಕ್ಕಳು ರಜಾ ಬೇಕಾದಾಗ "ಸ್ವಂತ ಕೆಲಸ" ಅಂತಷ್ಟೇ ಬರೆಯುತ್ತಿದ್ದರು. ಅದು ಮ್ಯಾನೇಜರ ಕಣ್ಣಿಗೆ ಬಿತ್ತು. "ಕಾರಣ ಐವತ್ತು ಅಕ್ಷರಕ್ಕೆ ಕಮ್ಮಿ ಇದ್ರೆ ಫಾರಂ ಹೋಗಬಾರದು. ಫಾರಂ ಹೋಗದೆ ಗೇಟ್ ಪಾಸ್ ಬರಬಾರದು" ಅಂದರು. ಪ್ರತಿ ಫಾರಮ್ಮೂ ಆರು ವಿಭಾಗದ ಮುಖ್ಯಸ್ಥರಿಗೆ ಮೇಲ್ ಆಗುತ್ತಿತ್ತು. ಆರೂ ಜನ ಗಂಡಸರು.

ನನಗೆ ಮೈ ಉರಿಯಿತು. "ತಿಂಗಳ ಹೊಟ್ಟೆನೋವನ್ನ ಒಬ್ಬ ಹುಡುಗಿ ಆರು ಜನ ಗಂಡಸರಿಗೆ ಬಿಡಿಸಿ ಬರೀಬೇಕಾ ಸರ್?"

"ರೂಲ್ ಅಂದ್ರೆ ಎಲ್ಲರಿಗೂ ಒಂದೇ. ನನಗೂ ಸೇರಿ."

"ಆಯ್ತು," ಅಂದೆ. "ನಿಮಗೂ ಸೇರಿಸೇ ಬರೀತೀನಿ."

ಹುಡುಗಿಯರಿಗೆ ಹೇಳಿದೆ, ಈ ವಾರ ಯಾರೂ ಫಾರಂ ಮುಟ್ಟಬೇಡಿ ಅಂತ. ಅವರು ಮುಟ್ಟಲಿಲ್ಲ. ಮೂರನೇ ದಿನ ಮ್ಯಾನೇಜರು ಕೃಷ್ಣಗಿರಿಯ ಯಾವುದೋ ಮದುವೆಯಲ್ಲಿ ಊಟ ಮಾಡಿ ಬಂದಿದ್ದರು. ಬೆಳಿಗ್ಗೆ ಹತ್ತು ಗಂಟೆಯೊಳಗೇ ನಾಲ್ಕು ಸಲ ಕಕ್ಕಸಿಗೆ ಓಡಿದರು. ಐದನೇ ಸಲ ಬಂದವರೇ ಮನೆಗೆ ಹೋಗುವ ಗೇಟ್ ಪಾಸಿಗಾಗಿ ಕಂಪ್ಯೂಟರ್ ಮುಂದೆ ಕೂತು, ಬೆವರುತ್ತ, ಇಂಗ್ಲಿಷಿನಲ್ಲಿ "ಲೂಸ್ ಮೋಷನ್" ಅಂತ ಟೈಪ್ ಮಾಡಿದರು.

ಪೇಜು ಹೇಳಿತು: ಇನ್ನೂ ಮೂವತ್ತೆಂಟು ಅಕ್ಷರ ಬೇಕು.

"ಏಮ್ಮಾ! ಇದನ್ನ ತೆಗಿಯಮ್ಮಾ!"

"ತೆಗೆಯೋಕೆ ಅರ್ಧ ಗಂಟೆ ಬೇಕು ಸರ್. ತಡ್ಕೋತೀರಾ?"

ತಡೆದುಕೊಳ್ಳುವ ಸ್ಥಿತಿ ಅದಲ್ಲ. ಹಲ್ಲು ಕಚ್ಚಿಕೊಂಡು ಟಪಟಪ ಟೈಪ್ ಮಾಡಿ, ಕಳಿಸಿ, ಓಡಿಯೇಬಿಟ್ಟರು. ಆರು ಮುಖ್ಯಸ್ಥರಿಗೂ ಮೇಲ್ ಹೋಯಿತು: "ಲೂಸ್ ಮೋಷನ್. ವೆರಿ ಲೂಸ್ ಮೋಷನ್. ವೆರಿ ವೆರಿ ಲೂಸ್ ಮೋಷನ್."

ಎರಡು ದಿನ ಬಿಟ್ಟು ಬಂದಾಗ, ಪಾಸಿನ ಮೇಲೆ ಅಚ್ಚಾಗಿದ್ದ ಕಾರಣ ಓದಿದ್ದ ಗೇಟಿನ ಕಾವಲಿನವನು ಸಲಾಂ ಹೊಡೆದು ಅಕ್ಕರೆಯಿಂದ ಕೇಳಿದನಂತೆ: "ಈಗೆಂಗೈತೆ ಸಾರ್? ಬರೀ ವೆರಿಗೆ ಇಳೀತಾ?"

ನೆಟ್ಟಗೆ ನನ್ನ ಮೇಜಿಗೆ ಬಂದರು. ಆಚೆ ಜೋಡಣೆ ಹುಡುಗಿಯರೆಲ್ಲ ಕೈಕೆಲಸ ಬಿಟ್ಟು ನೋಡುತ್ತಿದ್ದರು.

"ಆ ಐವತ್ತಕ್ಷರದ ರೂಲ್ ಇವತ್ತೇ ತೆಗೆದುಹಾಕು."

"ಖಂಡಿತ ಸರ್," ಅಂದೆ. "ಯಾಕೆ ತೆಗೀಬೇಕು ಅಂತ ಒಂದು ಕಾರಣ ಬರೆದುಕೊಡಿ. ಸ್ವಲ್ಪ ವಿವರವಾಗಿ."