ಬೆಂಕಿಪೊಟ್ಟಣದಲ್ಲಿ ಕಿವಿಯ ಕೊಳವೆ

ನಮ್ಮ ಮನೆಯಲ್ಲಿ ಎರಡು ವರ್ಷ ಯಾರೂ ಮಾತಾಡಲಿಲ್ಲ, ಬರೀ ಕೂಗಿದೆವು. ಮಗಳು ಯಮುನಳಿಗೆ ಮತ್ತೆ ಮತ್ತೆ ಕಿವಿನೋವು. ಒಳಗೆ ನೀರು ತುಂಬಿ ಏನೂ ಕೇಳಿಸದು. ನಾನು ಎರಡೂ ಕೈಗಳನ್ನು ಕೊಳವೆಯಂತೆ ಅವಳ ಕಿವಿಗೆ ಹಿಡಿದು, "ಯಮುನಾ... ಊಟಕ್ಕೆ... ಬಾ!" ಎಂದರೆ ಪಕ್ಕದ ಲೈನುಮನೆಗಳ ಕೂಲಿಯವರೆಲ್ಲ ತಮ್ಮನ್ನೇ ಕರೆದರೆಂದು ತಟ್ಟೆ ತೊಳೆದಿಡುತ್ತಿದ್ದರು. (ಮಾದಾಪುರದ ಕಾಫಿ ಎಸ್ಟೇಟಿನಲ್ಲಿ ಕೂಲಿಯವರಿಂದ ಕೆಲಸ ಮಾಡಿಸುವ ರೈಟರಾಗಿರುವ ನನಗೆ ಕೂಗುವುದು ಹೇಗೂ ಉದ್ಯೋಗವೇ.)

ಕೊನೆಗೆ ಮೈಸೂರಿನ ಡಾಕ್ಟರೊಬ್ಬರು ಅವಳ ಎರಡೂ ಕಿವಿಯೊಳಗೆ ಸಾಸಿವೆ ಕಾಳಿನಷ್ಟು ಚಿಕ್ಕ ಪ್ಲಾಸ್ಟಿಕ್ ಕೊಳವೆ ಕೂರಿಸಿದರು. ಮರುದಿನ ಅವರು ಸೂಚನೆಗಳನ್ನು ಹೇಳುತ್ತಿದ್ದಾಗ ಯಮುನ ಗೋಡೆಯತ್ತ ನೋಡಿ, "ಅಪ್ಪ, ಗಡಿಯಾರ ಟಿಕ್ ಟಿಕ್ ಅಂತೈತೆ" ಎಂದಳು. ಆಮೇಲೆ ಡಾಕ್ಟರು ಹೇಳಿದ್ದರಲ್ಲಿ ಒಂದು ಅಕ್ಷರವೂ ನನಗೆ ಕೇಳಿಸಲಿಲ್ಲ.

ಎಂಟು ತಿಂಗಳು ಆ ಕೊಳವೆಗಳನ್ನು ರಾಜಮುಕುಟದ ರತ್ನಗಳಂತೆ ಕಾದೆ. ಒಂದು ದಿನ ಕಾಫಿ ಒಣಹಾಕಿದ್ದ ಕಣದಲ್ಲಿ ಆಡುತ್ತಿದ್ದವಳು ಓಡಿಬಂದಳು.

"ಅಪ್ಪ, ಬಲಗಿವಿಯಿಂದ ಏನೋ ಉದುರ್ತು. ಡಾಕ್ಟರು ಅವತ್ತು..."

"ಅಯ್ಯೋ! ಮಾತಾಡಬೇಡ, ಅಲುಗಾಡಬೇಡ!"

ಮತ್ತೆ ಆ ಕೂಗಾಟದ ದಿನಗಳೇ? ಕಣದ ಕಾಫಿಯನ್ನೆಲ್ಲ ಜರಡಿ ಹಿಡಿಯಬೇಕೆಂದು ರಾಜಾಜ್ಞೆ ಹೊರಡಿಸಿದೆ.

"ಇಷ್ಟು ವರ್ಷ ಕಾಫಿಗೆ ಜರಡಿ ಹಿಡಿದಿವ್ನಿ, ರೈಟರಯ್ಯ. ಕಿವಿಗೆ ಹಿಡಿದಿರ್ಲಿಲ್ಲ" ಎಂದಳು ಕೆಲಸದ ಲಿಂಗಿ.

"ರೀ, ಮಗು ಏನೋ ಹೇಳ್ತೈತೆ, ಸ್ವಲ್ಪ ಕೇಳ್ರೀ" ಎಂದಳು ಹೆಂಡತಿ ನೀಲಾವತಿ.

"ಇದು ಕೇಳೋ ಹೊತ್ತೇನೇ?"

ಸಂಜೆಯ ಹೊತ್ತಿಗೆ ನನ್ನ ಅಂಗಿಯ ಎರಡು ಗುಂಡಿ, ನೀಲಾವತಿ ಹೋದ ವರ್ಷ ಕಳೆದುಕೊಂಡಿದ್ದ ಮೂಗುಬೊಟ್ಟಿನ ತಿರುಪು (ಅದಕ್ಕೂ ನಾನೇ ಬೈಸಿಕೊಂಡಿದ್ದೆ), ಕಡೆಗೆ ಆ ಕೊಳವೆ, ಎಲ್ಲವೂ ಸಿಕ್ಕವು. ಕೊಳವೆಯನ್ನು ಬೆಂಕಿಪೊಟ್ಟಣದೊಳಗೆ ಹತ್ತಿ ಹಾಸಿ ಮಲಗಿಸಿ, ಮರುದಿನ ಮೊದಲ ಬಸ್ಸಿಗೇ ಮೂವರೂ ಮೈಸೂರಿಗೆ ಹೊರಟೆವು. ದಾರಿಯುದ್ದಕ್ಕೂ ಪೊಟ್ಟಣ ನನ್ನ ಎರಡೂ ಕೈಯಲ್ಲಿ.

"ಇದನ್ನೇಕೆ ತಂದಿರಿ?" ಎಂದರು ಡಾಕ್ಟರು.

"ಮತ್ತೆ ಕೂರಿಸೋಕೆ, ಸಾರ್!"

ಅವರು ಯಮುನಳ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ನಕ್ಕರು. "ಕಿವಿ ವಾಸಿಯಾಗಿದೆ. ಕೆಲಸ ಮುಗಿದ ಮೇಲೆ ಅದು ತಾನಾಗಿಯೇ ಬೀಳುತ್ತೆ. ಅವತ್ತೇ ಹೇಳಿದ್ದೆನಲ್ಲ?"

"ನಾನೂ ನಿನ್ನೆಯಿಂದ ಅದನ್ನೇ ಹೇಳ್ತಿವ್ನಿ" ಎಂದಳು ಯಮುನ.

ನೀಲಾವತಿ ನನ್ನ ಕಿವಿಯನ್ನೊಮ್ಮೆ, ಡಾಕ್ಟರ ಮುಖವನ್ನೊಮ್ಮೆ ನೋಡಿದಳು.

ಬಸ್‌ಸ್ಟ್ಯಾಂಡಿನಲ್ಲಿ ನಾನು ಪೊಟ್ಟಣ ಹಿಡಿದು ಮಂಕಾಗಿ ಕೂತಿದ್ದೆ. ಯಮುನ ಬೆಂಚು ಹತ್ತಿ ನಿಂತು, ಪುಟ್ಟ ಕೈಗಳೆರಡನ್ನೂ ಕೊಳವೆಯಂತೆ ನನ್ನ ಕಿವಿಗೆ ಹಿಡಿದಳು.

"ಅಪ್ಪಾ... ಬಸ್ಸು... ಬಂತು!"

ಇಡೀ ಬಸ್‌ಸ್ಟ್ಯಾಂಡೇ ಎದ್ದು ನಿಂತಿತು.